ತಲೆನೋವು: ನಮ್ಮ ದವಾಖಾನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಹಳೆಯ ಪೇಟೆಯ ಓಣಿಯೊಂದರಲ್ಲಿ ನನ್ನ ದವಾಖಾನೆ ಇದೆ. ಊರಿನವರಷ್ಟೇ ಅಲ್ಲ, ಗದಗ, ಹಾವೇರಿ ಕಡೆಯಿಂದ ಮದುವೆ ಜವಳಿಗೆ ಬಂದವರೂ ‘ಹೆಂಗೂ ಬಂದೀವಿ, ತೋರಿಸ್ಕೊಂಡ ಹೋಗೂಣು’ ಎಂದು ಒಳಗೆ ಬರುತ್ತಾರೆ. ತಲೆನೋವಿನವರು ಬಾರದ ದಿನವೇ ಇಲ್ಲ. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಹೊರಗೆ ಪಾಳಿ ಉದ್ದವಿದ್ದಾಗ ಕೂತು ಬಿಡಿಸಿ ಹೇಳಲು ಆಗುವುದಿಲ್ಲ, ಅದು ನನಗೆ ಬಹಳ ದಿನದ ಕೊರಗು. ಆ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಓದಿ ತಿಳಿದುಕೊಳ್ಳಿ, ಆದರೆ ನಿಮ್ಮನ್ನು ಮುಟ್ಟಿ ನೋಡಿದ ವೈದ್ಯರ ಮಾತನ್ನು ಇದಕ್ಕಾಗಿ ಬಿಡಬೇಡಿ.

ತಲಿನೋವು ಅಂದ್ರ ಎಲ್ಲಾ ಒಂದ ಅಲ್ಲೇನ್ರಿ?

ಅಲ್ಲ. ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ನೋಯುವುದು ಅದನ್ನು ಸುತ್ತಿದ ಪೊರೆ, ರಕ್ತನಾಳ, ನೆತ್ತಿ ಮತ್ತು ಕತ್ತಿನ ಸ್ನಾಯು, ಮುಖದ ನರ. ಇವುಗಳಲ್ಲಿ ಯಾವುದು ಯಾಕೆ ಕೆರಳಿತು ಎಂದು ನೋಡಿ ನೂರಕ್ಕೂ ಹೆಚ್ಚು ಬಗೆಯ ತಲೆನೋವುಗಳನ್ನು ವೈದ್ಯರು ಗುರುತಿಸಿದ್ದಾರೆ. ಕೆಲವರಲ್ಲಿ ತಲೆನೋವೇ ಕಾಯಿಲೆ. ಮೈಗ್ರೇನ್, ಬಿಗಿತದ ತಲೆನೋವು, ಕ್ಲಸ್ಟರ್ ಈ ಗುಂಪಿನವು. ಇನ್ನು ಕೆಲವರಲ್ಲಿ ಒಳಗಿನ ಬೇರೆ ತೊಂದರೆ ತಲೆನೋವಾಗಿ ತೋರುತ್ತದೆ: ಡೆಂಗಿ ಜ್ವರ, ಮಿದುಳುಪೊರೆಯ ಸೋಂಕು, ರಕ್ತಸ್ರಾವ, ಗಡ್ಡೆ.

‘ಅದೇನ್ ದೊಡ್ಡ ರೋಗೇನ್ರಿ’ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ನಿಮ್ಹಾನ್ಸ್ ತಂಡವು ಬೆಂಗಳೂರಿನಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ವಯಸ್ಕರನ್ನು ಮಾತನಾಡಿಸಿತ್ತು. ಒಂದು ವರ್ಷದೊಳಗೆ ತಲೆನೋವು ಬಂದವರು ನೂರಕ್ಕೆ ಸುಮಾರು 64. ಮೈಗ್ರೇನ್ ಇದ್ದವರು ನೂರಕ್ಕೆ 25. ನಾಲ್ಕು ಜನರಲ್ಲಿ ಒಬ್ಬರು. ಆ ಒಬ್ಬರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಮತ್ತು ಅವರು ನೋವು ಇಟ್ಟುಕೊಂಡೇ ರೊಟ್ಟಿ ಬಡಿಯುತ್ತಿರುತ್ತಾರೆ.

ನನಗಿರೋದು ಮೈಗ್ರೇನೋ, ಸಾದಾ ತಲೆನೋವೋ? ಹೇಗೆ ಗೊತ್ತಾಗುತ್ತದೆ?

ನಾನು ಮೊದಲು ಕೇಳುವುದು ಒಂದೇ ಮಾತು: ನೋವು ಬಂದಾಗ ನೀವು ಏನು ಮಾಡುತ್ತೀರಿ?

‘ಕೆಲಸ ಮಾಡ್ತನ ಇರ್ತೀನ್ರಿ, ತಲಿಗೆ ಪಟ್ಟಿ ಬಿಗದಂಗ ಇರತೈತಿ’ ಎಂದರೆ ಬಹುತೇಕ ಅದು ಬಿಗಿತದ ತಲೆನೋವು. ಎರಡೂ ಕಡೆ ಒತ್ತಿ ಹಿಡಿದಂತೆ ನೋವು, ಮೆಟ್ಟಿಲು ಹತ್ತಿದರೂ ಜಾಸ್ತಿಯಾಗುವುದಿಲ್ಲ, ವಾಂತಿ ಇಲ್ಲ. ಅರ್ಧ ತಾಸಿನಿಂದ ಏಳು ದಿನದವರೆಗೂ ಇರಬಹುದು. ಬೆಟಗೇರಿಯಲ್ಲಿ ಮಗ್ಗದ ಮುಂದೆ ಬಗ್ಗಿ ಕೂತವರು, ದಿನವಿಡೀ ಹೊಲಿಗೆ ಯಂತ್ರ ತುಳಿಯುವವರು, ಕಂಪ್ಯೂಟರ್ ಮುಂದೆ ಕತ್ತು ಚಾಚಿದವರು ಇದನ್ನು ಚೆನ್ನಾಗಿ ಬಲ್ಲರು. ನಿದ್ದೆಗೆಟ್ಟರೂ ಬರುತ್ತದೆ, ಮನಸ್ಸಿಗೆ ಚಿಂತೆ ಹತ್ತಿದರೂ ಬರುತ್ತದೆ.

‘ಬಾಗಲಾ ಹಾಕ್ಕೊಂಡು, ದೀಪ ಆರಿಸಿ ಮಲ್ಕೊಂಡಬಿಡ್ತೀನ್ರಿ, ಯಾರೂ ಮಾತಾಡಿಸಬಾರ್ದು’ ಎಂದರೆ ಮೈಗ್ರೇನ್. ನೋವು ಹೆಚ್ಚಾಗಿ ಒಂದು ಬದಿಗೆ, ನಾಡಿ ಬಡಿದಂತೆ ಟಕ್ ಟಕ್ ಎನ್ನುತ್ತದೆ. ಅರೆತಲೆನೋವು ಎಂಬ ಹೆಸರು ಬಂದದ್ದೇ ಹಾಗೆ, ಆದರೆ ಎರಡೂ ಬದಿಗೆ ಬಂದರೂ ಮೈಗ್ರೇನ್ ಇರಬಹುದು. ಓಡಾಡಿದರೆ ಹೆಚ್ಚುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಬೆಳಕು ಚುಚ್ಚುತ್ತದೆ, ಪಾತ್ರೆಯ ಸದ್ದು ಸಹಿಸದು. ಔಷಧಿ ಇಲ್ಲದಿದ್ದರೆ 4 ತಾಸಿನಿಂದ 72 ತಾಸು ಹಿಡಿಯುತ್ತದೆ.

ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಏನೋ ಕಾಣುತ್ತದೆ. ನನಗೆ ಮೊದಲ ಸಲ ಬಂದದ್ದು ಎಂಬಿಬಿಎಸ್ ಪರೀಕ್ಷೆಯ ಹಾಲಿನಲ್ಲಿ. ಪ್ರಶ್ನೆಪತ್ರಿಕೆಯ ಒಂದು ಸಾಲಿನ ನಡುವಿನ ಎರಡು ಶಬ್ದ ಇಲ್ಲವೇ ಇಲ್ಲ. ಕಣ್ಣು ಉಜ್ಜಿಕೊಂಡೆ. ಆ ಖಾಲಿ ಜಾಗದ ಅಂಚಿಗೆ ಬೆಳ್ಳಗೆ ಮಿನುಗುವ ಅಂಕುಡೊಂಕು ಗೆರೆ ಎದ್ದಿತು, ಇಳಕಲ್ ಸೀರೆಯ ಸೆರಗಿನ ಮೇಲೆ ಕೋಟೆಗೋಡೆಯಂತೆ ತೆನೆ ಇರುತ್ತದಲ್ಲ, ಹಾಗೆ. ಅದು ನಿಧಾನಕ್ಕೆ ಹಿಗ್ಗುತ್ತ ಕಾಗದದ ಅಂಚಿಗೆ ಸರಿಯಿತು. ಇಪ್ಪತ್ತು ನಿಮಿಷದಲ್ಲಿ ಮಾಯ. ದೃಷ್ಟಿ ಬಂತು, ಹಿಂದೆಯೇ ನೋವೂ ಬಂತು. ಇದಕ್ಕೆ ಆರಾ ಎನ್ನುತ್ತಾರೆ. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ. ಕುರುಡು ಬಂತೆಂದು ಅಂದು ನಾನು ನಡುಗಿದ್ದು ನೆನಪಿದೆ. ಅದಕ್ಕೇ ಯಾರಾದರೂ ‘ಕಣ್ಣಾಗ ಮಿಂಚಿದಂಗ ಆಕ್ಕೈತ್ರಿ’ ಎಂದು ಹೇಳಿದರೆ ಅವರ ಮಾತು ಪೂರ್ತಿ ಕೇಳುತ್ತೇನೆ. ಮೊದಲ ಸಲ ಹೀಗಾದರೆ ಮಾತ್ರ ನೀವೇ ಮೈಗ್ರೇನ್ ಎಂದು ತೀರ್ಮಾನಿಸದೆ ಅವತ್ತೇ ತೋರಿಸಿ, ಪಾರ್ಶ್ವವಾಯುವೂ ದೃಷ್ಟಿ ಕೆಡಿಸಬಲ್ಲದು.

ಇನ್ನು ‘ಕುಂದ್ರಾಕ ಆಗಂಗಿಲ್ಲ, ನಿಂದ್ರಾಕ ಆಗಂಗಿಲ್ಲ, ಗ್ವಾಡಿಗೆ ತಲಿ ಬಡ್ಕೋಬೇಕನಸ್ತೈತಿ’ ಎಂದರೆ ಕ್ಲಸ್ಟರ್ ಇರಬಹುದೆಂದು ನೆಟ್ಟಗೆ ಕೂತು ಕೇಳುತ್ತೇನೆ. ಗಂಡಸರಲ್ಲಿ ಹೆಚ್ಚು. ಒಂದೇ ಕಣ್ಣಿನ ಸುತ್ತ ಕಾದ ಸಲಾಕೆ ಇಟ್ಟಂತೆ ನೋವು, ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಬದಿಯ ಮೂಗು ಕಟ್ಟುತ್ತದೆ. 15 ನಿಮಿಷದಿಂದ 3 ತಾಸು, ಎಷ್ಟೋ ಸಲ ರಾತ್ರಿ ಅದೇ ಹೊತ್ತಿಗೆ, ಕೆಲವು ವಾರ ಸತತವಾಗಿ. ಸಾದಾ ನೋವಿನ ಗುಳಿಗೆಗೆ ಇದು ಜಗ್ಗುವುದಿಲ್ಲ. ಮಾಸ್ಕ್ ಹಾಕಿ ಶುದ್ಧ ಆಕ್ಸಿಜನ್ ಕೊಟ್ಟರೆ ಬಹಳ ಜನರಿಗೆ ಕಾಲು ತಾಸಿನಲ್ಲಿ ಇಳಿಯುತ್ತದೆ, ಸುಮಾಟ್ರಿಪ್ಟಾನ್ ಇಂಜೆಕ್ಷನ್ನೂ ಇದೆ. ವರ್ಷಗಟ್ಟಲೆ ಹಲ್ಲು, ಕಣ್ಣು, ಮೂಗು ಎಂದು ಅಲೆದು ಬಂದವರನ್ನು ನೋಡಿದ್ದೇನೆ. ನರರೋಗ ತಜ್ಞರಿಗೆ ತೋರಿಸಿ.

ಯಾವ ತಲೆನೋವಿಗೆ ಹೆದರಬೇಕು?

ಇದನ್ನು ಮನೆಯವರಿಗೂ ಓದಿ ಹೇಳಿ.

ಸಿಡಿಲು ಹೊಡೆದಂತೆ ಒಂದೇ ನಿಮಿಷದಲ್ಲಿ ಜೀವಮಾನದಲ್ಲೇ ಕಾಣದಷ್ಟು ನೋವು ಬಂದರೆ ಅದು ಮಿದುಳಿನ ಸುತ್ತಲಿನ ರಕ್ತಸ್ರಾವ ಇರಬಹುದು. ಮಲಗಿ ನೋಡೋಣ ಎನ್ನಬೇಡಿ, 108ಕ್ಕೆ ಫೋನ್ ಮಾಡಿ. ಜ್ವರದ ಜೊತೆ ಕತ್ತು ಸೆಟೆದು ಗದ್ದ ಎದೆಗೆ ತಾಗದಿದ್ದರೆ ಮಿದುಳುಪೊರೆಯ ಸೋಂಕು ಇರಬಹುದು. ಬಾಯಿ ವಾರೆ, ಕೈಕಾಲು ಸೋತದ್ದು, ಮಾತು ತೊದಲಿದ್ದು ಲಕ್ವಾದ ಗುರುತು. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ತಾಸು ಮಾತ್ರ ಸಮಯ. ನರಗುಂದದಿಂದಲೋ ಶಿಗ್ಗಾವಿಯಿಂದಲೋ ಹುಬ್ಬಳ್ಳಿಗೆ ಬರುವವರು ಮೊದಲು ಮನೆಮದ್ದು, ಮಂತ್ರ, ಮಸಾಜು ಎಂದು ನಿಂತರೆ ಆ ಹೊತ್ತು ದಾರಿಯಲ್ಲೇ ಮುಗಿಯುತ್ತದೆ.

ಬೈಕಿನಿಂದ ಬಿದ್ದ ಮೇಲೆ ಹೆಚ್ಚುತ್ತಾ ಹೋಗುವ ನೋವು, ತಲೆನೋವಿನೊಡನೆ ಫಿಟ್ಸ್, ದಿನದಿನಕ್ಕೆ ಏರುವ ನೋವು, ಬೆಳಗಿನ ಜಾವ ವಾಂತಿಯೊಡನೆ ಎಬ್ಬಿಸುವ ನೋವು, ಕೆಮ್ಮಿದರೆ ಸಿಡಿಯುವ ನೋವು, ಕ್ಯಾನ್ಸರ್ ಅಥವಾ ಎಚ್‌ಐವಿ ಇದ್ದವರಿಗೆ ಬಂದ ಹೊಸ ನೋವು, ಇವೆಲ್ಲ ತಡಮಾಡದೆ ತೋರಿಸಬೇಕಾದವು. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ತಲೆನೋವು ಶುರುವಾಗಿ, ಕಣತಲೆ ಮುಟ್ಟಿದರೆ ನೋಯುತ್ತ, ರೊಟ್ಟಿ ಅಗಿದರೆ ದವಡೆ ಸೋಲುತ್ತಿದ್ದರೆ ರಕ್ತನಾಳದ ಉರಿಯೂತ ಇರಬಹುದು. ಅದು ಕಣ್ಣನ್ನೇ ತೆಗೆಯಬಲ್ಲದು, ಸಮಯಕ್ಕೆ ಔಷಧಿ ಕೊಟ್ಟರೆ ಕಣ್ಣು ಉಳಿಯುತ್ತದೆ.

ದಿನಾ ಒಂದು ಗುಳಿಗಿ ತೊಗೊಂಡ್ರ ಏನಾಗತೈತ್ರಿ? ಅದಿಲ್ಲಂದ್ರ ನಡಿಯಂಗಿಲ್ಲ.

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಬೆಟಗೇರಿ ಕಡೆಯ ಒಬ್ಬ ತಾಯಿ (ಗುರುತು ಸಿಗದಂತೆ ಬದಲಿಸಿ ಹೇಳುತ್ತಿದ್ದೇನೆ) ಮೇಜಿನ ಮೇಲೆ ಎಲೆಅಡಿಕೆಯ ಚಂಚಿ ಬಿಚ್ಚಿದರು. ಒಂದು ಮಡಿಕೆಯಲ್ಲಿ ಅಡಿಕೆ ಚೂರು, ಒಂದರಲ್ಲಿ ಸುಣ್ಣದ ಡಬ್ಬಿ, ಮೂರನೆಯದರಲ್ಲಿ ಕತ್ತರಿಯಿಂದ ಎರಡೆರಡಾಗಿ ಕತ್ತರಿಸಿದ ಗುಳಿಗೆಯ ಪಟ್ಟಿ. ಮುಂಜಾನೆ ಚಾದ ಜೊತೆ ಒಂದು, ಸಂಜೆ ಒಂದು, ಆರು ವರ್ಷದಿಂದ. ‘ಮೊದಲ ತಿಂಗಳಿಗೆ ಎರಡ ಸಲ ಬರತಿತ್ತವ್ವ, ಈಗ ದಿನಾ’ ಎಂದರು. ತಿಂಗಳಿಗೆ ಎರಡು ಸಲ ಬರುತ್ತಿದ್ದದ್ದು ಮೈಗ್ರೇನ್. ದಿನಾ ಬರುವಂತೆ ಮಾಡಿದ್ದು ಗುಳಿಗೆ.

ನೋವಿನ ಗುಳಿಗೆಯನ್ನು ಹೆಚ್ಚು ದಿನ ತೆಗೆದುಕೊಂಡರೆ, ಅದರಲ್ಲೂ ಮೈಗ್ರೇನ್ ಇದ್ದವರಲ್ಲಿ, ನೋವು ಗ್ರಹಿಸುವ ವ್ಯವಸ್ಥೆಯೇ ಸೂಕ್ಷ್ಮವಾಗಿಬಿಡುತ್ತದೆ. ಗುಳಿಗೆಯ ಪ್ರಭಾವ ಇಳಿದ ಕೂಡಲೇ ಮತ್ತೆ ನೋವು, ಮತ್ತೆ ಗುಳಿಗೆ. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಬಿಡಿ ಔಷಧಿ ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಿ ಕೂಡಿಸಿದ ಗುಳಿಗೆ, ಎರ್ಗೋಟಮಿನ್, ಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧಿಗಳು, ಟ್ರಮಡಾಲ್‌ನಂಥ ಬಲವಾದ ನೋವಿನ ಗುಳಿಗೆಗಳು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ದಾಟಿದರೆ ಈ ಸುಳಿಗೆ ಸಿಕ್ಕಿದಿರಿ ಎಂದೇ ಲೆಕ್ಕ. ಎಣಿಸಬೇಕಾದದ್ದು ದಿನಗಳನ್ನು, ಎಷ್ಟು ಗುಳಿಗೆ ಎಂಬುದನ್ನಲ್ಲ. ಇದರ ಜೊತೆಗೆ ಹೊಟ್ಟೆಯ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು ಬೇರೆ.

ಬಿಡಿಸಬಹುದು. ಆ ತಾಯಿಗೆ ಗುಳಿಗೆ ನಿಲ್ಲಿಸಿ, ನೋವು ಬಾರದಂತೆ ತಡೆಯುವ ಔಷಧಿ ಶುರು ಮಾಡಿದೆ. ಮೊದಲ ವಾರ ಕಷ್ಟದ್ದು ಎಂದು ಮಗನನ್ನೂ ಕರೆಸಿ ಹೇಳಿದೆ, ಯಾಕೆಂದರೆ ಆ ದಿನಗಳಲ್ಲಿ ನೋವು ಜಾಸ್ತಿಯಾಗುತ್ತದೆ, ವಾಂತಿ, ನಿದ್ದೆಗೇಡು ಇರುತ್ತದೆ. ಮನೆಯವರು ಆಗ ‘ಇರ್ಲಿ, ಒಂದ ತೊಗೊ’ ಎಂದು ಕೊಟ್ಟರೆ ಎಲ್ಲ ಮೊದಲಿಗೇ ಬರುತ್ತದೆ. ಎರಡು ತಿಂಗಳ ಹೊತ್ತಿಗೆ ಅವರ ನೋವು ವಾರಕ್ಕೊಮ್ಮೆಗೆ ಇಳಿಯಿತು. ಟ್ರಮಡಾಲ್ ಅಥವಾ ನಿದ್ದೆಗುಳಿಗೆ ದಿನಾ ತೆಗೆದುಕೊಳ್ಳುತ್ತಿದ್ದವರು ಮಾತ್ರ ಒಮ್ಮೆಲೆ ನಿಲ್ಲಿಸಬಾರದು, ವೈದ್ಯರ ಕೈಯಲ್ಲಿ ಮೆಲ್ಲಗೆ ಇಳಿಸಿ.

ಹಾಗಾದರೆ ನೋವು ಬಂದಾಗ ಏನು ತೆಗೆದುಕೊಳ್ಳಬೇಕು?

ಬಿಗಿತದ ತಲೆನೋವಿಗೆ ವಯಸ್ಕರು ಪ್ಯಾರಾಸಿಟಮಾಲ್ 500ರಿಂದ 1000 ಮಿಲಿಗ್ರಾಂ ತೆಗೆದುಕೊಳ್ಳಬಹುದು, 24 ತಾಸಿನಲ್ಲಿ 4 ಗ್ರಾಂ ದಾಟಬಾರದು. ಯಕೃತ್ತಿನ ತೊಂದರೆ ಇದ್ದವರಿಗೆ, ದಿನಾ ಕುಡಿಯುವವರಿಗೆ ಇನ್ನೂ ಕಡಿಮೆ. ನೆಗಡಿ ಗುಳಿಗೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಪಟ್ಟಿಯ ಹಿಂಬದಿ ಓದಿ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಅದು ತೋರಿಸಿಕೊಳ್ಳುವ ಹೊತ್ತು.

ಮೈಗ್ರೇನಿಗೆ ಗುಳಿಗೆಯಷ್ಟೇ ಮುಖ್ಯ ಅದರ ಸಮಯ. ಮೈಗ್ರೇನ್ ಬಂದಾಗ ಜಠರದ ಚಲನೆ ನಿಧಾನವಾಗುತ್ತದೆ, ನುಂಗಿದ್ದು ಅಲ್ಲೇ ಕೂರುತ್ತದೆ. ‘ತಡೀತೀನಿ, ಆಗದಿದ್ರ ತೊಗೋತೀನಿ’ ಎಂದು ಮೂರು ತಾಸು ಕಾದರೆ ಗುಳಿಗೆ ವಾಂತಿಯಲ್ಲಿ ಹೋಗುತ್ತದೆ. ನೋವು ಶುರುವಾಗುತ್ತಲೇ ತೆಗೆದುಕೊಳ್ಳಿ, ವಾಂತಿ ತಡೆಯುವ ಔಷಧಿಯನ್ನೂ ಜೊತೆಗೆ ಬರೆಸಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಟ್ರಿಪ್ಟಾನ್ ಎಂಬ ಗುಂಪಿನ ಔಷಧಿಗಳಿವೆ. ಹೃದಯಾಘಾತ, ಲಕ್ವಾ ಆದವರಿಗೆ ಅವು ಆಗವು. ಎರ್ಗೋಟಮಿನ್ ಬಸುರಿಯರಿಗೆ ಕೂಡದು.

ಡೆಂಗಿ ಕಾಲದಲ್ಲಿ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಮುರಿತ ಇದ್ದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮುಟ್ಟಬೇಡಿ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಬಾರದಂತೆ ತಡೆಯುವ ಔಷಧಿ ಇದೆಯೇ? ಜೀವನಪೂರ್ತಿ ತೆಗೆದುಕೊಳ್ಳಬೇಕೇ?

ಇದೆ, ಜೀವನಪೂರ್ತಿ ಸಾಮಾನ್ಯವಾಗಿ ಬೇಕಿಲ್ಲ. ತಿಂಗಳಿಗೆ ನಾಲ್ಕೈದು ದಿನ ಕೆಲಸ ಕೆಡುತ್ತಿದ್ದರೆ ಕೊಡುತ್ತೇವೆ. ಪ್ರೊಪ್ರನೊಲಾಲ್ ಒಳ್ಳೆಯದು, ಆದರೆ ದಮ್ಮು ಇದ್ದವರಿಗೆ ಬೇಡ. ಅಮಿಟ್ರಿಪ್ಟಿಲಿನ್ ನಿದ್ದೆಗೆಟ್ಟವರಿಗೆ, ಬಿಗಿತದ ತಲೆನೋವು ಹಳತಾದವರಿಗೆ ಹೊಂದುತ್ತದೆ. ಫ್ಲುನಾರಿಜಿನ್ ಕೆಲವರಿಗೆ ತೂಕ, ತೂಕಡಿಕೆ ಎರಡನ್ನೂ ಹೆಚ್ಚಿಸುತ್ತದೆ. ಟೋಪಿರಮೇಟ್ ಮತ್ತು ವಾಲ್ಪ್ರೊಯೇಟ್ ಹೊಟ್ಟೆಯಲ್ಲಿನ ಕೂಸಿಗೆ ಹಾನಿ ಮಾಡುತ್ತವೆ, ಬಸಿರಾಗುವ ವಯಸ್ಸಿನವರು ಇದನ್ನು ವೈದ್ಯರೊಡನೆ ಬಾಯಿಬಿಟ್ಟು ಮಾತನಾಡಬೇಕು. ಯಾವುದೇ ಇರಲಿ, ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು ಎರಡರಿಂದ ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ‘ಗುಣ ಬೀಳಲಿಲ್ಲ’ ಎಂದು ಡಾಕ್ಟರನ್ನು ಬದಲಿಸಿದರೆ ನಷ್ಟ ನಿಮ್ಮದೇ.

ಆರಾ ಇರುವ ಮೈಗ್ರೇನಿನ ಹೆಣ್ಣುಮಕ್ಕಳು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳಬಾರದು, ಲಕ್ವಾದ ಅಪಾಯ ಏರುತ್ತದೆ. ಬೇರೆ ದಾರಿಗಳಿವೆ, ಕೇಳಿ.

ಬಾಣಂತಿಗೆ ತಲೆನೋವು. ಶೀತ ಆಗಿರಬೇಕೆಂದು ಹಿರಿಯರು ಹೇಳುತ್ತಾರೆ, ನಿಜವೇ?

ಹಿರಿಯರ ಕಾಳಜಿ ನಿಜವಾದದ್ದು. ಆದರೆ ಬಾಣಂತಿಯ ತಲೆನೋವನ್ನು ಶೀತ ಎಂದು ಬಿಡುವುದು ಅಪಾಯ.

ಸಿಸೇರಿಯನ್‌ಗೆ ಬೆನ್ನಿಗೆ ಸೂಜಿ ಕೊಟ್ಟಿದ್ದರೆ ಕೆಲವರಿಗೆ ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಇಳಿಯುತ್ತದೆ. ಬೆನ್ನುಹುರಿಯ ದ್ರವ ಸೋರಿದ್ದರಿಂದ ಬರುವ ಇದು ಬಹುತೇಕ ಒಂದೆರಡು ವಾರದೊಳಗೆ ಹೋಗುತ್ತದೆ. ಬಿಪಿ ಏರಿದ್ದರಿಂದ ಬರುವ ನೋವು ಬಸುರಿನ ಐದನೇ ತಿಂಗಳ ನಂತರ, ಹೆರಿಗೆಯಾದ ಆರು ವಾರದವರೆಗೂ ಬರಬಹುದು. ಕಣ್ಣು ಮಂಜು, ಮುಖ ಬಾವು, ಬಿಪಿ 140/90 ದಾಟಿದ್ದು ಕಂಡರೆ ಅವತ್ತೇ ಆಸ್ಪತ್ರೆಗೆ. ಇನ್ನೊಂದು, ಮಿದುಳಿನಿಂದ ರಕ್ತ ಹೊರಗೊಯ್ಯುವ ಅಭಿಧಮನಿಯಲ್ಲಿ ಹೆಪ್ಪುಗಟ್ಟುವುದು. ಹೆರಿಗೆಯ ನಂತರದ ವಾರಗಳಲ್ಲಿ ಇದರ ಅಪಾಯ ಹೆಚ್ಚು, ಮೈಯಲ್ಲಿ ನೀರು ಕಡಿಮೆಯಾದರೆ ಇನ್ನೂ ಹೆಚ್ಚು. ಬಿಡದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈ ಸೋತದ್ದು ಇದರ ಲಕ್ಷಣ. ಸಮಯಕ್ಕೆ ಬಂದವರು ಎದ್ದು ಕೂಸಿಗೆ ಹಾಲುಣಿಸಿದ್ದನ್ನು ನೋಡಿದ್ದೇನೆ. ಅಜ್ಜಿಯರಲ್ಲಿ ನನ್ನದೊಂದು ಕೈಮುಗಿತ: ಬಾಣಂತಿಗೆ ನೀರು ಬಿಗಿ ಮಾಡಬೇಡಿ. ಕಾಯಿಸಿ ಆರಿಸಿದ ನೀರು ಬೇಕಾದಷ್ಟು ಕೊಡಿ.

ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಬೇಡ. ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ಅನಿಲ ಬರುತ್ತದೆ. ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ.

ತಲೆ ತೊಳ್ಕೊಂಡ ದಿನ ತಲೆನೋವು ತಪ್ಪಿದ್ದೇ ಇಲ್ಲ. ಇದು ಭ್ರಮೆಯೇ?

ಭ್ರಮೆಯಲ್ಲ. ತಲೆಸ್ನಾನದಿಂದ ಮೈಗ್ರೇನ್ ಕೆರಳುವುದನ್ನು ಭಾರತದ ವೈದ್ಯರೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಉದ್ದ ಕೂದಲನ್ನು ಹಸಿಯಾಗಿಯೇ ಬಿಗಿದು ಕಟ್ಟಬೇಡಿ, ಬೇಗ ಒಣಗಿಸಿ, ಖಾಲಿ ಹೊಟ್ಟೆಯಲ್ಲಿ ತಲೆಸ್ನಾನ ಬೇಡ. ಒಂದು ಮಾತು ಮಾತ್ರ ಪರೀಕ್ಷಿಸಿ: ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯೇ, ಕಿಟಕಿ ಮುಚ್ಚಿರುತ್ತದೆಯೇ? ಹಾಗಿದ್ದರೆ ಅದು ಮೇಲೆ ಹೇಳಿದ ಅನಿಲವೇ ಇರಬಹುದು, ಅದು ಜೀವ ತೆಗೆಯುತ್ತದೆ. ಗೀಸರನ್ನು ಹೊರಗೆ ಹಾಕಿಸಿ.

ಚಾ ಕುಡಿದರೆ ಹೋಗುತ್ತದೆ, ಕುಡಿಯದಿದ್ದರೆ ಬರುತ್ತದೆ. ಯಾಕೆ?

ದಿನಕ್ಕೆ ಏಳೆಂಟು ಕಡಕ್ ಚಾ ಕುಡಿಯುವವರ ಮೈ ಕೆಫೀನ್‌ಗೆ ಹೊಂದಿಕೊಂಡಿರುತ್ತದೆ. ನಿಂತು 12ರಿಂದ 24 ತಾಸಿಗೆ ತಲೆನೋವು. ಏಕಾದಶಿಗೂ ರಮ್ಜಾನಿನ ಮೊದಲ ರೋಜಾಗಳಿಗೂ ಸಂಜೆಯ ತಲೆನೋವು ಬರುವುದರಲ್ಲಿ ಹಸಿವಿನದೊಂದು ಪಾಲು, ಚಾದ್ದೊಂದು ಪಾಲು. ಒಂದು ವಾರ ಮುಂಚಿನಿಂದ ಚಾ ಕಡಿಮೆ ಮಾಡುತ್ತ ಬನ್ನಿ. ಮೈಗ್ರೇನ್ ಇದ್ದವರಿಗೆ ಊಟ ತಪ್ಪುವುದು ದೊಡ್ಡ ಕಾರಣ, ನಿದ್ದೆಯ ಹೊತ್ತು ಏರುಪೇರಾಗುವುದು, ಬಿಸಿಲು ಕೂಡ. ಚೈತ್ರದ ಬಿಸಿಲಲ್ಲಿ ಹೊಲಕ್ಕೆ ಹೋಗುವವರು ತಲೆಗೆ ಟವೆಲ್ ಸುತ್ತಿ, ನೀರು ಜೊತೆಗಿಟ್ಟುಕೊಳ್ಳಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಸುರುವುವವರಿಗೆ ಘಾಟಿನಿಂದಲೇ ತಲೆ ಹಿಡಿಯುತ್ತದೆ, ಮೂಗಿಗೆ ಬಟ್ಟೆ ಬಿಗಿಯಾಗಿ ಕಟ್ಟಿದರೆ ಎಷ್ಟೋ ವಾಸಿ.

ಸೈನಸ್, ಬಿಪಿ, ಚಸ್ಮಾ: ಇವುಗಳಿಂದ ಅಲ್ಲವೇ?

ಸೈನಸ್ ಎಂದು ವರ್ಷಗಟ್ಟಲೆ ನಂಬಿದವರಲ್ಲಿ ಬಹಳ ಜನರದು ಮೈಗ್ರೇನ್, ಯಾಕೆಂದರೆ ಮೈಗ್ರೇನಿನಲ್ಲೂ ಮೂಗು ಕಟ್ಟಬಹುದು. ನಿಜವಾದ ಸೈನಸ್ ಸೋಂಕಿಗೆ ದಪ್ಪ ಹಳದಿ ಸಿಂಬಳ, ಜ್ವರ ಇರುತ್ತವೆ. ಬಿಪಿ 150, 160 ಇದ್ದರೆ ಸಾಮಾನ್ಯವಾಗಿ ತಲೆನೋವು ಬರುವುದಿಲ್ಲ, 180/120ರಷ್ಟು ಏರಿದರೆ ಬರಬಹುದು. ತಲೆನೋವಿಲ್ಲ ಎಂದು ಬಿಪಿ ಗುಳಿಗೆ ಬಿಡುವವರು ಇದನ್ನು ಗಮನಿಸಬೇಕು. ಚಸ್ಮಾ ನಂಬರು ತಪ್ಪಿದ್ದರೆ ಓದಿದ ಮೇಲೆ ಹಣೆ ಭಾರವಾಗುತ್ತದೆ, ವಾಂತಿ ಬರುವ ನೋವಿಗೆ ಚಸ್ಮಾ ಕಾರಣವಲ್ಲ.

ಸ್ಕ್ಯಾನ್ ಮಾಡಿಸಲೇಬೇಕೇ?

ಹೆದರಬೇಕಾದ ಗುರುತು ಯಾವುದೂ ಇಲ್ಲದೆ, ವರ್ಷಗಳಿಂದ ಒಂದೇ ರೀತಿ ಬರುತ್ತಿದ್ದು, ಪರೀಕ್ಷೆಯಲ್ಲಿ ನರಗಳು ಸರಿಯಿದ್ದರೆ ಬೇಕಿಲ್ಲ. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆಯಲ್ಲ, ನಿಮ್ಮ ಮಾತಿನಲ್ಲಿ ಕಾಣುವ ಕಾಯಿಲೆ. ಫಿಟ್ಸ್ ಇದ್ದರೆ ಮಾತ್ರ ಬಿಡಬೇಡಿ. ಲಾಡಿಹುಳುವಿನ ಮರಿ ಮಿದುಳಿನಲ್ಲಿ ಗಂಟಾಗಿರುವುದು ನಮ್ಮ ದೇಶದಲ್ಲಿ ಸಾಮಾನ್ಯ, ಸರಿಯಾಗಿ ತೊಳೆಯದ ಹಸಿ ತರಕಾರಿಯಿಂದ ಶಾಕಾಹಾರಿಗಳಿಗೂ ಬರುತ್ತದೆ.

ಮಕ್ಕಳಿಗೂ ಮೈಗ್ರೇನ್ ಬರುತ್ತದೆಯೇ?

ಬರುತ್ತದೆ. ಎರಡು ತಾಸಿನಲ್ಲೇ ಮುಗಿಯಬಹುದು, ಮಲಗಿ ಎದ್ದರೆ ಏನೂ ಆಗಿಲ್ಲವೆಂಬಂತೆ ಆಡುತ್ತವೆ. ಅದನ್ನು ನೋಡಿ ‘ಸಾಲಿ ತಪ್ಪಸಾಕ ನಾಟಕ’ ಎಂದು ಬಯ್ಯಬೇಡಿ. ನಾಷ್ಟಾ ತಿನ್ನಿಸಿ ಕಳಿಸಿ, ರಾತ್ರಿ ಮೊಬೈಲ್ ತೆಗೆದಿಡಿ. ಆಸ್ಪಿರಿನ್ ಕೊಡಬೇಡಿ. ಐದಾರು ವರ್ಷದೊಳಗಿನ ಕೂಸಿಗೆ ತಲೆನೋವು ಬಂದರೆ ತೋರಿಸಿಯೇ ನಿಶ್ಚಿಂತರಾಗಿ.

ಬಾಮ್, ಸುಂಠಿ ಲೇಪ?

ಅಮೃತಾಂಜನ, ಝಂಡು ಬಾಮ್ ಹಚ್ಚಿ, ಹಗುರಾಗಿ ತಿಕ್ಕಿಸಿಕೊಂಡರೆ ಬಿಗಿತದ ನೋವಿಗೆ ಹಾಯೆನಿಸುತ್ತದೆ. ಗುಳಿಗೆ ಉಳಿಸುವುದಾದರೆ ನನಗೆ ಸಂತೋಷವೇ. ಸುಂಠಿ ತೇದು ಹಚ್ಚುವವರು ತೆಳ್ಳಗೆ ಹಚ್ಚಿ, ಉರಿದರೆ ತೊಳೆಯಿರಿ, ಹಣೆ ಸುಟ್ಟುಕೊಂಡು ಬಂದವರಿದ್ದಾರೆ. ಹಣೆಗೆ ಬರೆ ಹಾಕಿಸುವುದು ಬೇಡವೇ ಬೇಡ. ಹೆಸರಿಲ್ಲದ ಪುಡಿಕೆಯ ಗುಳಿಗೆಯನ್ನೂ ನುಂಗಬೇಡಿ.

ಎಲ್ಲಿ ತೋರಿಸಬೇಕು, ಬರುವಾಗ ಏನು ತರಬೇಕು?

ಮೊದಲು ನಿಮ್ಮೂರಿನ ವೈದ್ಯರಿಗೇ ತೋರಿಸಿ, ಹೆಚ್ಚಿನ ತಲೆನೋವು ಅಲ್ಲಿಯೇ ಸರಿಹೋಗುತ್ತದೆ. ಮುಂದೆ ಬೇಕಾದರೆ ಹುಬ್ಬಳ್ಳಿ ವಿದ್ಯಾನಗರದ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಳಿವೆ. ಗದಗಿನವರಿಗೆ ಜಿಮ್ಸ್, ಹಾವೇರಿಯವರಿಗೆ ಜಿಲ್ಲಾ ಆಸ್ಪತ್ರೆ ಹತ್ತಿರ.

ಗೋಡೆಯ ಮೇಲಿನ ಕ್ಯಾಲೆಂಡರನ್ನೇ ಡೈರಿ ಮಾಡಿಕೊಳ್ಳಿ. ನೋವು ಬಂದ ದಿನಕ್ಕೆ ಸುತ್ತು, ಗುಳಿಗೆ ನುಂಗಿದ ದಿನಕ್ಕೆ ಅಡ್ಡಗೆರೆ, ಮುಟ್ಟಿನ ದಿನಕ್ಕೆ ಚುಕ್ಕೆ. ಬರಹ ಬಾರದವರೂ ಇದನ್ನು ಮಾಡಬಲ್ಲರು, ಬೆಟಗೇರಿಯ ಆ ತಾಯಿ ಮಾಡಿದರು. ಎರಡು ತಿಂಗಳಾದ ಮೇಲೆ ಆ ಹಾಳೆಗಳನ್ನು ಹರಿದುಕೊಂಡು ಬನ್ನಿ. ಜೊತೆಗೆ ನುಂಗಿದ ಗುಳಿಗೆಗಳ ಖಾಲಿ ಪಟ್ಟಿಗಳನ್ನೂ ತನ್ನಿ, ಹೆಸರು ನೆನಪಿಲ್ಲದಿದ್ದರೂ ನಾನು ಓದಿಕೊಳ್ಳುತ್ತೇನೆ.